ಕ್ರಾನ್ ಕೆಲಸ ಓಡಿದೆ, ಆದರೆ ಆಗಿದೆಯೇ? ಸರ್ವರ್‌ನ ನಿಗದಿತ ಕೆಲಸಗಳ ದೋಷ ನಿವಾರಣೆ

ವೆಬ್‌ಸೈಟ್ ನಿಂತರೆ ನಿಮಿಷದೊಳಗೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ರಾತ್ರಿಯ ಬ್ಯಾಕಪ್ ನಿಂತರೆ ಅದು ಬೇಕಾಗುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ನಿಗದಿತ ಕೆಲಸಗಳ ಕಷ್ಟವೇ ಇದು: ಕೆಟ್ಟಾಗ ಅವು ಸದ್ದು ಮಾಡುವುದಿಲ್ಲ. ಅದಕ್ಕಾಗಿಯೇ ಅವುಗಳ ಮೇಲೆ ಸ್ವಯಂಚಾಲಿತ ತಪಾಸಣೆ ಇಡುತ್ತೇವೆ. ಆದರೆ ಆ ತಪಾಸಣೆ ‘ಕೆಲಸ ಓಡಿತೇ?’ ಎಂದಷ್ಟೇ ಕೇಳಿದರೆ ಸಾಲದು, ‘ಓಡಿದ್ದರ ಫಲ ಎಲ್ಲಿದೆ?’ ಎಂದು ಕೇಳಬೇಕು. ಕೆಳಗಿನ ಪ್ರತಿ ಲಕ್ಷಣವನ್ನೂ ಈ ಎರಡು ಪ್ರಶ್ನೆ ಇಟ್ಟುಕೊಂಡೇ ನೋಡಿದ್ದೇನೆ. ಹೇಳುವುದು ಹೆಚ್ಚಾಗಿ ಲಿನಕ್ಸ್‌ನ ಕ್ರಾನ್ ಮತ್ತು ಸಿಸ್ಟಮ್‌ಡಿ ಟೈಮರ್‌ಗಳ ಬಗ್ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಎರಡು ವ್ಯವಸ್ಥೆಗಳ ಬಗ್ಗೆ; ವಿಂಡೋಸ್ ವಿಚಾರ ನಡುವೆ ಸ್ವಲ್ಪ ಬರುತ್ತದೆ.

ಕೈ ಹಾಕುವ ಮೊದಲು

ಕ್ರಾನ್ ಯಾವ ಕೆಲಸವನ್ನು ಯಾವಾಗ ಓಡಿಸಬೇಕು ಎಂಬ ಪಟ್ಟಿಯೇ ಕ್ರಾನ್‌ಟ್ಯಾಬ್. ಮೊದಲು ಅದರ ಒಂದು ಪ್ರತಿ ತೆಗೆದಿಡಿ. ‘ಕ್ರಾನ್‌ಟ್ಯಾಬ್ -ಎಲ್’ ಕೊಟ್ಟು ಬಂದದ್ದನ್ನು ದಿನಾಂಕ ಹಾಕಿದ ಫೈಲ್‌ಗೆ ಉಳಿಸಿ. ಇದಕ್ಕೆ ಕಾರಣವಿದೆ: ‘ಕ್ರಾನ್‌ಟ್ಯಾಬ್ -ಇ’ ಎಂದರೆ ತಿದ್ದು, ‘ಕ್ರಾನ್‌ಟ್ಯಾಬ್ -ಆರ್’ ಎಂದರೆ ಇಡೀ ಪಟ್ಟಿಯನ್ನು ಅಳಿಸು. ಎರಡು ಕೀಲಿಗಳೂ ಕೀಬೋರ್ಡ್‌ನಲ್ಲಿ ಅಕ್ಕಪಕ್ಕದಲ್ಲಿವೆ, ಅಳಿಸುವಾಗ ಅದು ಒಂದು ಮಾತೂ ಕೇಳುವುದಿಲ್ಲ. ಅಳಿಸಲೇಬೇಕಿದ್ದರೆ ಜೊತೆಗೆ ‘-ಐ’ ಸೇರಿಸಿ, ಆಗ ಒಮ್ಮೆ ಕೇಳುತ್ತದೆ. ಕ್ರಾನ್‌ಟ್ಯಾಬ್ ಎಂದಷ್ಟೇ ಟೈಪ್ ಮಾಡಿ ಎಂಟರ್ ಒತ್ತಿದರೆ ಹಲವು ಆವೃತ್ತಿಗಳು ಹೊಸ ಪಟ್ಟಿಗಾಗಿ ಕಾಯುತ್ತಾ ಕೂರುತ್ತವೆ. ಅಲ್ಲಿ ಕಂಟ್ರೋಲ್-ಡಿ ಒತ್ತಿದರೆ ಖಾಲಿ ಪಟ್ಟಿಯೇ ನಿಮ್ಮ ಪಟ್ಟಿಯಾಗುತ್ತದೆ. ಹೊರಬರಲು ಕಂಟ್ರೋಲ್-ಸಿ ಒತ್ತಿ.

ಇನ್ನೊಂದು ಎಚ್ಚರಿಕೆ. ‘ಓಡಿಸಿ ನೋಡೋಣ’ ಎಂದು ಚಾಲ್ತಿಯಲ್ಲಿರುವ ಸರ್ವರ್‌ನಲ್ಲಿ ಕೆಲಸವನ್ನು ಕೈಯಿಂದ ಓಡಿಸುವ ಮೊದಲು ಸ್ಕ್ರಿಪ್ಟ್ ಪೂರ್ತಿ ಓದಿ. ಬಿಲ್ ಕಳಿಸುವ, ಹಣ ವರ್ಗಾಯಿಸುವ, ಹಳೆಯ ಫೈಲ್ ಅಳಿಸುವ ಕೆಲಸವನ್ನು ಎರಡು ಸಲ ಓಡಿಸಿದರೆ ಮೂಲ ದೋಷಕ್ಕಿಂತ ದೊಡ್ಡ ಅನಾಹುತವಾಗುತ್ತದೆ. ಎರಡನೇ ಸಲ ಓಡಿದರೆ ಏನಾಗುತ್ತದೆ ಎಂಬುದು ಓದಿದ ಮೇಲೂ ತಿಳಿಯದಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಬರೆದವರನ್ನು ಕೇಳಿ.

ಲಕ್ಷಣ: ಕೆಲಸ ಓಡಿದ ಗುರುತೇ ಇಲ್ಲ

ಮೊದಲು ನೋಡಬೇಕಾದ್ದು ಕ್ರಾನ್ ಸೇವೆ ಜೀವಂತವಾಗಿದೆಯೇ ಎಂಬುದನ್ನು. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ನೋಡಿ. ಡೆಬಿಯನ್, ಉಬುಂಟುಗಳಲ್ಲಿ ಸೇವೆಯ ಹೆಸರು ಕ್ರಾನ್, ರೆಡ್ ಹ್ಯಾಟ್ ಬಳಗದಲ್ಲಿ ಕ್ರಾನ್‌ಡಿ. ನಂತರ ಲಾಗ್: ಮೊದಲಿನವುಗಳಲ್ಲಿ /ವಾರ್/ಲಾಗ್/ಸಿಸ್‌ಲಾಗ್, ಎರಡನೆಯದರಲ್ಲಿ /ವಾರ್/ಲಾಗ್/ಕ್ರಾನ್, ಅದೂ ಇಲ್ಲದಿದ್ದರೆ ಜರ್ನಲ್‌ಸಿಟಿಎಲ್. ನಿಗದಿತ ನಿಮಿಷದಲ್ಲಿ ಬಳಕೆದಾರನ ಹೆಸರು ಮತ್ತು ಆದೇಶ ಇರುವ ಸಾಲು ಕಂಡರೆ ಕೆಲಸ ಶುರುವಾಗಿದೆ. ಮುಂದಿನ ಲಕ್ಷಣಗಳಿಗೆ ಹೋಗಿ. ಸಾಲೇ ಇಲ್ಲದಿದ್ದರೆ ಕೆಲಸ ಕ್ರಾನ್‌ನ ಕಣ್ಣಿಗೇ ಬಿದ್ದಿಲ್ಲ ಎಂದರ್ಥ.

ಹಾಗಾದಾಗ ಪಟ್ಟಿ ಯಾರದ್ದು ಎಂದು ನೋಡಿ. ಸುಡೊ ಹಾಕಿ ತಿದ್ದಿದ್ದರೆ ಅದು ರೂಟ್‌ನ (ಎಲ್ಲ ಅಧಿಕಾರವಿರುವ ಮುಖ್ಯ ಖಾತೆಯ) ಪಟ್ಟಿಗೆ ಹೋಗಿರುತ್ತದೆ, ನಿಮ್ಮದಕ್ಕಲ್ಲ. ಪಟ್ಟಿಯ ಕೊನೆಯ ಸಾಲಿನ ನಂತರ ಎಂಟರ್ ಒತ್ತಿದೆಯೇ ಎಂದೂ ನೋಡಿ. ಇಲ್ಲದಿದ್ದರೆ ಆ ಸಾಲನ್ನು ಕ್ರಾನ್ ಪರಿಗಣಿಸದೇ ಇರಬಹುದು.

ಡೆಬಿಯನ್ ಬಳಗದಲ್ಲಿ ಬಹಳ ಜನರನ್ನು ಕಾಡುವುದು ಫೈಲ್‌ನ ಹೆಸರು. /ಇಟಿಸಿ/ಕ್ರಾನ್.ಡೈಲಿ ಒಳಗೆ ‘ಬ್ಯಾಕಪ್.ಎಸ್‌ಎಚ್’ ಎಂಬ ಸ್ಕ್ರಿಪ್ಟ್ ಇಟ್ಟಿದ್ದೀರಿ, ಅನುಮತಿ ಸರಿಯಿದೆ, ಕೈಯಲ್ಲಿ ಓಡುತ್ತದೆ, ಆದರೆ ದಿನವೂ ಓಡಬೇಕಾದದ್ದು ಒಂದು ದಿನವೂ ಓಡುವುದಿಲ್ಲ. ಕಾರಣ ಹೆಸರಿನಲ್ಲಿರುವ ಚುಕ್ಕೆ. ಅಲ್ಲಿ ಅಕ್ಷರ, ಅಂಕಿ, ಅಡಿಗೆರೆ, ಅಡ್ಡಗೆರೆ ಬಿಟ್ಟು ಬೇರೇನಿದ್ದರೂ ಫೈಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. /ಇಟಿಸಿ/ಕ್ರಾನ್.ಡಿ ಫೋಲ್ಡರ್‌ಗೂ ಇದೇ ನಿಯಮ. ಡೈಲಿ ಫೋಲ್ಡರ್ ಮೇಲೆ ‘ರನ್-ಪಾರ್ಟ್ಸ್ --ಟೆಸ್ಟ್’ ಓಡಿಸಿದರೆ ಯಾವ್ಯಾವ ಫೈಲ್ ಓಡಲಿದೆ ಎಂದು ಹೆಸರು ಹೇಳುತ್ತದೆ, ಓಡಿಸುವುದಿಲ್ಲ. ನಿಮ್ಮ ಫೈಲ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಚುಕ್ಕೆ ತೆಗೆಯಿರಿ.

ಕ್ರಾನ್.ಡಿ ಫೋಲ್ಡರ್‌ನ ಫೈಲ್‌ಗಳಲ್ಲಿ ಸಮಯದ 5 ಅಂಕಣಗಳ ನಂತರ ಬಳಕೆದಾರನ ಹೆಸರಿನ 6ನೇ ಅಂಕಣ ಇರಬೇಕು. ಸ್ವಂತ ಪಟ್ಟಿಯಲ್ಲಿ ಅದು ಇರಬಾರದು. ಒಂದರಿಂದ ಇನ್ನೊಂದಕ್ಕೆ ಸಾಲು ನಕಲು ಮಾಡಿದಾಗ ಇದು ಕೈಕೊಡುತ್ತದೆ. ಆ ಫೈಲ್‌ಗಳ ಒಡೆಯ ರೂಟ್ ಆಗಿರಬೇಕು, ಗುಂಪಿಗಾಗಲೀ ಇತರರಿಗಾಗಲೀ ಬರೆಯುವ ಅನುಮತಿ ಇರಬಾರದು.

ತಿಂಗಳುಗಟ್ಟಲೆ ಸರಿಯಾಗಿದ್ದ ಒಬ್ಬ ಬಳಕೆದಾರನ ಎಲ್ಲ ಕೆಲಸಗಳೂ ಒಂದೇ ದಿನ ನಿಂತರೆ ಪಾಸ್‌ವರ್ಡ್ ಅವಧಿ ನೋಡಿ. ಅವಧಿ ಮುಗಿದ ಖಾತೆಯ ಕೆಲಸಗಳನ್ನು ಓಡಿಸಲು ಪ್ಯಾಮ್ (ಲಿನಕ್ಸ್‌ನಲ್ಲಿ ಖಾತೆಗಳನ್ನು ಪರಿಶೀಲಿಸುವ ವ್ಯವಸ್ಥೆ) ಬಿಡುವುದಿಲ್ಲ. ಲಾಗ್‌ನಲ್ಲಿ ‘ಅಥೆಂಟಿಕೇಶನ್ ಟೋಕನ್ ಈಸ್ ನೋ ಲಾಂಗರ್ ವ್ಯಾಲಿಡ್’ ಎಂಬ ಸಾಲು ಸಿಗುತ್ತದೆ. ‘ಚೇಜ್ -ಎಲ್’ ಹಾಕಿದರೆ ಅವಧಿ ತಿಳಿಯುತ್ತದೆ. ನಿಮ್ಮಲ್ಲಿ ಭದ್ರತಾ ನಿಯಮ ಇದ್ದರೆ ಅವಧಿಯನ್ನು ನೀವೇ ತೆಗೆದುಹಾಕಬೇಡಿ, ಖಾತೆಗಳನ್ನು ನೋಡಿಕೊಳ್ಳುವವರಿಗೆ ಹೇಳಿ.

ಆ ಹೊತ್ತಿನಲ್ಲಿ ಸರ್ವರ್ ಆಫ್ ಆಗಿದ್ದರೆ ಕ್ರಾನ್ ತಪ್ಪಿದ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಅದಕ್ಕೆ ತಪ್ಪಿದ ಕೆಲಸವನ್ನು ಆಮೇಲೆ ಓಡಿಸುವ ಅನಾಕ್ರಾನ್ ಬೇಕು, ಅಥವಾ ಸಿಸ್ಟಮ್‌ಡಿ ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್=ಟ್ರೂ’ ಇರಬೇಕು. ಟೈಮರ್ ಬಳಸುವವರು ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ --ಆಲ್’ ನೋಡಿ. ಹಿಂದೆ ಯಾವಾಗ ಓಡಿತು, ಮುಂದೆ ಯಾವಾಗ ಎಂಬ ಎರಡೂ ಅಲ್ಲಿವೆ. ‘ಎನೇಬಲ್’ ಮಾತ್ರ ಮಾಡಿದರೆ ಮುಂದಿನ ಬೂಟ್‌ವರೆಗೆ ಟೈಮರ್ ಶುರುವಾಗುವುದಿಲ್ಲ, ಜೊತೆಗೆ ‘--ನೌ’ ಬೇಕು. ಬಳಕೆದಾರನ ಮಟ್ಟದ ಟೈಮರ್ ಆಗಿದ್ದರೆ ಆತ ಲಾಗ್ ಔಟ್ ಆದಾಗ ಅದೂ ನಿಲ್ಲುತ್ತದೆ, ‘ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’ ಮಾಡಿರದಿದ್ದರೆ.

ಲಕ್ಷಣ: ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಬೀಳುತ್ತದೆ

ಇದಕ್ಕೆ ಹೆಚ್ಚಿನ ಸಲ ಪರಿಸರವೇ ಕಾರಣ. ನೀವು ಲಾಗಿನ್ ಆದಾಗ ಸಿಗುವ ಸೆಟ್ಟಿಂಗ್‌ಗಳು ಕ್ರಾನ್‌ಗೆ ಸಿಗುವುದಿಲ್ಲ. ಅದರ ಪಾತ್ (ಆದೇಶಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸಾಮಾನ್ಯವಾಗಿ /ಯುಎಸ್‌ಆರ್/ಬಿನ್ ಮತ್ತು /ಬಿನ್ ಅಷ್ಟೇ. ಆದೇಶಗಳನ್ನು ಓದಿ ಓಡಿಸುವ ಶೆಲ್ /ಬಿನ್/ಎಸ್‌ಎಚ್, ಬ್ಯಾಶ್ ಅಲ್ಲ. ಕೆಲಸ ಶುರುವಾಗುವುದು ಬಳಕೆದಾರನ ಹೋಮ್ ಫೋಲ್ಡರ್‌ನಲ್ಲಿ, ಸ್ಕ್ರಿಪ್ಟ್ ಇರುವ ಜಾಗದಲ್ಲಲ್ಲ. ಎಸ್‌ಎಸ್‌ಎಚ್ ಕೀಲಿಯ ಏಜೆಂಟ್ ಅಲ್ಲಿರುವುದಿಲ್ಲ, ಪಾಸ್‌ವರ್ಡ್ ಕೇಳಲು ಟರ್ಮಿನಲ್ಲೂ ಇರುವುದಿಲ್ಲ.

ಆದೇಶ ಮುಗಿದಾಗ ಕೊಡುವ ಸಂಖ್ಯೆ (ಎಕ್ಸಿಟ್ ಕೋಡ್) ಬಹಳಷ್ಟು ಹೇಳುತ್ತದೆ. 0 ಎಂದರೆ ಗೆದ್ದಿತು. 127 ಎಂದರೆ ಆದೇಶ ಸಿಗಲಿಲ್ಲ, ಅಂದರೆ ಪಾತ್ ತೊಂದರೆ. 126 ಎಂದರೆ ಫೈಲ್ ಸಿಕ್ಕಿತು ಆದರೆ ಓಡಿಸಲು ಆಗಲಿಲ್ಲ, ಅಂದರೆ ಅನುಮತಿ. ಕ್ರಾನ್‌ನ ಬಡ ಪರಿಸರವನ್ನು ನೀವೇ ಕಟ್ಟಿ ನೋಡಬೇಕಾದರೆ ‘ಎನ್ವ್ -ಐ’ ಮುಂದೆ ಹಾಕಿ, ಹೋಮ್ ಮತ್ತು ಪಾತ್ ಮಾತ್ರ ಕೊಟ್ಟು /ಬಿನ್/ಎಸ್‌ಎಚ್ ಮೂಲಕ ಸ್ಕ್ರಿಪ್ಟ್ ಓಡಿಸಿ. ಅಲ್ಲಿ ಬಿದ್ದರೆ ದೋಷ ಸಿಕ್ಕಂತೆಯೇ.

ಆದೇಶದಲ್ಲಿ % ಚಿಹ್ನೆ ಇದೆಯೇ ಎಂದು ಕಣ್ಣಾಡಿಸಿ. ಫೈಲ್‌ನ ಹೆಸರಿಗೆ ದಿನಾಂಕ ಸೇರಿಸುವಾಗ ಇದು ಬಂದೇ ಬರುತ್ತದೆ. ಕ್ರಾನ್‌ಟ್ಯಾಬ್‌ನಲ್ಲಿ % ಎಂದರೆ ಹೊಸ ಸಾಲು. ಮೊದಲ % ನಂತರದ್ದೆಲ್ಲ ಆದೇಶಕ್ಕೆ ಇನ್‌ಪುಟ್ ಆಗಿ ಹೋಗುತ್ತದೆ. ಹಾಗಾಗಿ ಅರ್ಧ ತುಂಡಾದ ಆದೇಶವಷ್ಟೇ ಓಡುತ್ತದೆ. ಪ್ರತಿ % ಮುಂದೆ \ ಹಾಕಿ. ಇನ್ನೂ ಒಳ್ಳೆಯದೆಂದರೆ ಇಡೀ ಆದೇಶವನ್ನು ಸ್ಕ್ರಿಪ್ಟ್ ಒಳಗೆ ಹಾಕಿ ಕ್ರಾನ್‌ಟ್ಯಾಬ್‌ನಲ್ಲಿ ಅದರ ಪೂರ್ಣ ದಾರಿ ಮಾತ್ರ ಬರೆಯುವುದು.

ಲಕ್ಷಣ: ಲಾಗ್‌ನಲ್ಲಿ ಎಲ್ಲ ಸರಿ, ಆದರೆ ಫಲ ಇಲ್ಲ

ಎಲ್ಲಕ್ಕಿಂತ ಅಪಾಯದ್ದು ಇದು. ತಪಾಸಣೆಯ ವರದಿ ದಿನವೂ ಹಸಿರು ತೋರಿಸುತ್ತಿರುತ್ತದೆ, ಬ್ಯಾಕಪ್ ಫೋಲ್ಡರ್ ಖಾಲಿ ಇರುತ್ತದೆ.

ಕ್ರಾನ್ ಲಾಗ್‌ನ ಸಾಲು ಬೀಳುವುದು ಕೆಲಸ ಶುರುವಾಗುವಾಗ. ಅದು ಮುಗಿಯಿತೇ, ಸೋತಿತೇ ಎಂಬುದು ಆ ಸಾಲಿನಲ್ಲಿಲ್ಲ. ಆ ಸಾಲನ್ನು ಎಣಿಸಿ ‘ಯಶಸ್ವಿ’ ಎಂದು ಬರೆಯುವ ತಪಾಸಣೆ ತಪ್ಪು ಹೇಳುತ್ತಿದೆ. ಡೆಬಿಯನ್‌ನ ಕ್ರಾನ್‌ಗೆ ‘-ಎಲ್ 15’ ಆಯ್ಕೆ (ಇಲ್ಲಿ ಎಲ್ ದೊಡ್ಡಕ್ಷರ) ಕೊಟ್ಟರೆ ಕೆಲಸದ ಶುರು, ಕೊನೆ, ಸೋಲು, ಪ್ರೊಸೆಸ್ ಸಂಖ್ಯೆ ನಾಲ್ಕನ್ನೂ ಬರೆಯುತ್ತದೆ. ಖರ್ಚಿಲ್ಲದ ಸುಧಾರಣೆ, ಮೊದಲು ಇದನ್ನೇ ಮಾಡಿ.

ಎರಡನೆಯದಾಗಿ ಸಾಲಿನ ಕೊನೆ ನೋಡಿ. ‘> /ಡೆವ್/ನಲ್ 2>&1’ ಇದ್ದರೆ ತಪ್ಪಿನ ಸಂದೇಶಗಳನ್ನೆಲ್ಲ ಯಾರೋ ಬಾವಿಗೆ ಹಾಕಿದ್ದಾರೆ. ಅದನ್ನು ತೆಗೆದು ಒಂದು ಲಾಗ್ ಫೈಲ್‌ಗೆ ತಿರುಗಿಸಿ. ಅದು ಇಲ್ಲದಿದ್ದರೆ ಕ್ರಾನ್ ಔಟ್‌ಪುಟ್ ಅನ್ನು ಮೇಲ್ ಮಾಡುತ್ತದೆ, ಸರ್ವರ್‌ನಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇದ್ದರೆ ಮಾತ್ರ. ಇಲ್ಲದ ಕಡೆ ಡೆಬಿಯನ್ ಲಾಗ್‌ನಲ್ಲಿ ‘ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್’ ಎಂದು ಬರೆದು ಎಲ್ಲವನ್ನೂ ಬಿಸಾಡುತ್ತದೆ. ಈ ಸಾಲು ನಿಮ್ಮ ಲಾಗ್‌ನಲ್ಲಿದ್ದರೆ ಇದುವರೆಗಿನ ಎಚ್ಚರಿಕೆಗಳು ಯಾರ ಕೈಗೂ ತಲುಪಿಲ್ಲ.

ಮೇಲ್ ಹೊರಟರೂ ತಲುಪಿತೆಂದು ನಂಬುವ ಹಾಗಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಮುಖ್ಯ ಡೇಟಾಬೇಸ್‌ನ ಫೋಲ್ಡರ್ ಕೈತಪ್ಪಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಅದಿರಬೇಕಾದ ಸಂಗ್ರಹ ಖಾಲಿ. ನಿಗದಿತ ಕೆಲಸ ಓಡುತ್ತಲೇ ಇತ್ತು, ಆದರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪಿಜಿ-ಡಂಪ್ 9.2; ಆವೃತ್ತಿ ಹೊಂದದೆ ಅದು ಪ್ರತಿ ಸಲ ಸೋಲುತ್ತಿತ್ತು. ಸೋತಾಗಲೆಲ್ಲ ಮೇಲ್ ಕೂಡ ಹೊರಡುತ್ತಿತ್ತು. ಆ ಮೇಲ್‌ಗಳಿಗೆ ಡಿಮಾರ್ಕ್‌ಗೆ (ಮೇಲ್ ನಿಜವಾದ ಕಳುಹಿಸುವವರದ್ದೇ ಎಂದು ಪರಿಶೀಲಿಸುವ ವ್ಯವಸ್ಥೆಗೆ) ಬೇಕಾದ ಸಹಿ ಇಲ್ಲದ್ದರಿಂದ ಸ್ವೀಕರಿಸುವ ಕಡೆ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಒಂದು ಕೈಹಿಡಿಯಿತು; ಆ 6 ಗಂಟೆಗಳ ಡೇಟಾ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ಈ ಕೆಲಸ ಮಾಡುವವರೆಲ್ಲ ಅದನ್ನು ಓದಬೇಕು ಎಂದು ನನಗೆ ಅನಿಸುತ್ತದೆ, ಯಾಕೆಂದರೆ ಅಲ್ಲಿ ಪ್ರತಿಯೊಂದು ಭಾಗವೂ ‘ಇದೆ’ ಎಂಬ ಲೆಕ್ಕದಲ್ಲಿತ್ತು.

ಮೂರನೆಯದು ಪೈಪ್. ‘ಡಂಪ್ ತೆಗೆ | ಕುಗ್ಗಿಸು’ ಎಂಬ ಜೋಡಿ ಆದೇಶದಲ್ಲಿ ಶೆಲ್ ನೋಡುವುದು ಕೊನೆಯದರ ಫಲಿತಾಂಶವನ್ನು. ಡಂಪ್ ಬಿದ್ದರೂ ಜಿಜಿಪ್ ಖಾಲಿ ಇನ್‌ಪುಟ್ ಅನ್ನು ಸಂತೋಷದಿಂದ ಕುಗ್ಗಿಸಿ 0 ಹೇಳುತ್ತದೆ. ಹೀಗೆ ಹುಟ್ಟಿದ ಫೈಲ್ ಬೈಟ್‌ಗಳ ಲೆಕ್ಕದಲ್ಲಿ ಪುಟ್ಟದು, ಹೆಸರು ಮತ್ತು ದಿನಾಂಕ ಮಾತ್ರ ಸರಿಯಾಗಿರುತ್ತದೆ. ಬ್ಯಾಶ್ ಸ್ಕ್ರಿಪ್ಟ್‌ನ ಆರಂಭದಲ್ಲಿ ‘ಸೆಟ್ -ಒ ಪೈಪ್‌ಫೇಲ್’ ಹಾಕಿ.

ಇಷ್ಟಾದ ಮೇಲೆ ತಪಾಸಣೆಯನ್ನು ಫಲದ ಕಡೆ ತಿರುಗಿಸಿ. ಫೈಲ್ ಎಷ್ಟು ಹಳೆಯದು, ಅದರ ಗಾತ್ರ ನಿನ್ನೆಯದಕ್ಕಿಂತ ತೀರಾ ಕುಸಿದಿದೆಯೇ, ಕುಗ್ಗಿಸಿದ ಫೈಲ್ ‘ಜಿಜಿಪ್ -ಟಿ’ ಪರೀಕ್ಷೆ ದಾಟುತ್ತದೆಯೇ ಎಂದು ಅದು ನೋಡಲಿ. ಕೆಲಸ ಗೆದ್ದಾಗ ಮಾತ್ರ, ಅಂದರೆ && ನಂತರ, ಹೊರಗಿನ ಒಂದು ಕಾವಲು ಸೇವೆಗೆ ‘ಮುಗಿಯಿತು’ ಎಂಬ ಸಂಕೇತ ಹೋಗಲಿ; ಸಂಕೇತ ಬರದಿದ್ದರೆ ಆ ಸೇವೆ ಕೂಗಲಿ. ಬ್ಯಾಕಪ್ ವಿಚಾರದಲ್ಲಿ ಇದೂ ಸಾಲದು: ಆಗಾಗ ಬೇರೆ ಯಂತ್ರದಲ್ಲಿ ನಿಜವಾಗಿ ಮರಳಿಸಿ ನೋಡಬೇಕು. ಚಾಲ್ತಿಯ ಡೇಟಾಬೇಸ್ ಮೇಲೆ ಆ ಪ್ರಯೋಗ ಎಂದಿಗೂ ಬೇಡ.

ಲಕ್ಷಣ: ತಪ್ಪು ಹೊತ್ತಿಗೆ ಓಡುತ್ತದೆ, ಅಥವಾ ಬೇಕಾದ್ದಕ್ಕಿಂತ ಹೆಚ್ಚು ಸಲ

‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ಸಮಯ ವಲಯ ನೋಡಿ. ಸರ್ವರ್ ಯುಟಿಸಿಯಲ್ಲಿದ್ದು ನೀವು ಸ್ಥಳೀಯ ಸಮಯ ಬರೆದಿದ್ದರೆ ವ್ಯತ್ಯಾಸ ಸರಿಯಾಗಿ ಅಷ್ಟೇ ಗಂಟೆಯದಾಗಿರುತ್ತದೆ. ವಲಯ ಬದಲಿಸಿದ ಮೇಲೆ ಕ್ರಾನ್ ಸೇವೆಯನ್ನು ಮರುಚಾಲನೆ ಮಾಡಿ, ಇಲ್ಲದಿದ್ದರೆ ಅದು ಹಳೆಯ ಲೆಕ್ಕದಲ್ಲೇ ಇರಬಹುದು. ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಗುವ ವಲಯವಾದರೆ ಮಧ್ಯರಾತ್ರಿ 1ರಿಂದ 3ರ ನಡುವೆ ಮುಖ್ಯ ಕೆಲಸ ಇಡಬೇಡಿ.

‘* 2 * * *’ ಎಂದರೆ 2 ಗಂಟೆಗೆ ಒಂದು ಸಲ ಅಲ್ಲ. 2ರಿಂದ 2:59ರವರೆಗೆ ಪ್ರತಿ ನಿಮಿಷ, ಒಟ್ಟು 60 ಸಲ. ನಿಮಿಷದ ಅಂಕಣದಲ್ಲಿ 0 ಬೇಕು. ‘*/7’ ಎಂದು ಬರೆದರೆ 56ನೇ ನಿಮಿಷದ ನಂತರ ಗಂಟೆ ಹೊಸದಾಗಿ ಶುರುವಾಗುವುದರಿಂದ ನಡುವೆ 4 ನಿಮಿಷದ ಅಂತರ ಬರುತ್ತದೆ. ಇನ್ನು ತಿಂಗಳ ಮೊದಲ ಸೋಮವಾರಕ್ಕೆಂದು ‘0 3 1-7 * 1’ ಬರೆದವರಿಗೆ ಕಾದಿರುವುದು ಬೇರೆ: ತಿಂಗಳ ದಿನ, ವಾರದ ದಿನ ಎರಡನ್ನೂ ಕೊಟ್ಟಾಗ ಕ್ರಾನ್ ‘ಎರಡರಲ್ಲಿ ಯಾವುದಾದರೊಂದು’ ಎಂದು ಓದುತ್ತದೆ. ಅದು 1ರಿಂದ 7ನೇ ತಾರೀಖಿನವರೆಗೆ ದಿನವೂ ಓಡುತ್ತದೆ, ಜೊತೆಗೆ ಎಲ್ಲ ಸೋಮವಾರಗಳಂದೂ ಓಡುತ್ತದೆ. ವಾರದ ದಿನ ಯಾವುದೆಂಬ ಪರೀಕ್ಷೆಯನ್ನು ಸ್ಕ್ರಿಪ್ಟ್ ಒಳಗೆ ಇಡಿ. ಟೈಮರ್ ಆದರೆ ‘ಸಿಸ್ಟಮ್‌ಡಿ-ಅನಲೈಜ್ ಕ್ಯಾಲೆಂಡರ್’ ಮುಂದಿನ ಸಲ ಯಾವಾಗ ಎಂದು ಮೊದಲೇ ತೋರಿಸುತ್ತದೆ.

ಲಕ್ಷಣ: ಸರ್ವರ್ ಮಂದ, ಒಂದೇ ಕೆಲಸದ ಹಲವು ಪ್ರತಿಗಳು

ಹಿಂದಿನದು ಮುಗಿದಿದೆಯೇ ಎಂದು ಕ್ರಾನ್ ನೋಡುವುದಿಲ್ಲ. 5 ನಿಮಿಷಕ್ಕೊಮ್ಮೆ ಓಡುವ ಕೆಲಸ 7 ನಿಮಿಷ ಹಿಡಿದರೆ ಪ್ರತಿಗಳು ಒಂದರ ಮೇಲೊಂದು ಬೀಳುತ್ತವೆ. ಆದೇಶದ ಮುಂದೆ ‘ಎಫ್‌ಲಾಕ್ -ಎನ್’ ಮತ್ತು ಬೀಗವಾಗಿ ಬಳಸುವ ಒಂದು ಫೈಲ್‌ನ ಹೆಸರು ಹಾಕಿದರೆ ಎರಡನೆಯದು ಸುಮ್ಮನೆ ಹಿಂದಿರುಗುತ್ತದೆ. ಪ್ರೊಸೆಸ್ ಸತ್ತಾಗ ಆ ಬೀಗವನ್ನು ಕರ್ನೆಲ್ (ಲಿನಕ್ಸ್‌ನ ತಿರುಳು) ತಾನೇ ಬಿಡುತ್ತದೆ, ಹಾಗಾಗಿ ಬೀಗದ ಫೈಲನ್ನು ಕೈಯಿಂದ ಅಳಿಸಬೇಡಿ. ಸಿಸ್ಟಮ್‌ಡಿ ಟೈಮರ್‌ಗೆ ಈ ತೊಂದರೆ ಇಲ್ಲ. ಓಡುತ್ತಿರುವ ಸೇವೆಯನ್ನು ಅದು ಮತ್ತೊಮ್ಮೆ ಶುರು ಮಾಡುವುದಿಲ್ಲ. ಕೆಲಸ 137 ಹೇಳಿ ಸತ್ತಿದ್ದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ, ಬಹುಪಾಲು ಮೆಮೊರಿ ಸಾಲದೆ ಕರ್ನೆಲ್ಲೇ. ‘ಡಿಮೆಸೆಜ್’ ನೋಡಿದರೆ ತಿಳಿಯುತ್ತದೆ. ಡೇಟಾಬೇಸ್‌ಗೆ ಬರೆಯುತ್ತಿರುವ ಕೆಲಸವನ್ನು ‘ಕಿಲ್ -9’ ಮಾಡುವ ಮೊದಲು ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆಯಿರಿ.

ಲಕ್ಷಣ: ತಪಾಸಣೆಯ ವರದಿಯನ್ನೇ ನಂಬಲಾಗುತ್ತಿಲ್ಲ

ಕೆಲಸ ಇದೆ, ವರದಿಯಲ್ಲಿ ಇಲ್ಲ ಎಂದರೆ ತಪಾಸಣೆ ಎಲ್ಲ ಮೂಲೆಗಳನ್ನೂ ನೋಡುತ್ತಿಲ್ಲ. ಬಳಕೆದಾರರ ಪಟ್ಟಿಗಳು ಡೆಬಿಯನ್‌ನಲ್ಲಿ /ವಾರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್ ಒಳಗೆ, ರೆಡ್ ಹ್ಯಾಟ್‌ನಲ್ಲಿ /ವಾರ್/ಸ್ಪೂಲ್/ಕ್ರಾನ್ ಒಳಗೆ. ಅದಲ್ಲದೆ /ಇಟಿಸಿ/ಕ್ರಾನ್‌ಟ್ಯಾಬ್, ಕ್ರಾನ್.ಡಿ, ಗಂಟೆ-ದಿನ-ವಾರ-ತಿಂಗಳ ಫೋಲ್ಡರ್‌ಗಳು, ಅನಾಕ್ರಾನ್, ಟೈಮರ್‌ಗಳು, ‘ಎಟಿಕ್ಯು’ ತೋರಿಸುವ ಒಂದು ಸಲದ ಕೆಲಸಗಳು, ಕಂಟೇನರ್‌ಗಳ ಒಳಗಿನವು, ಅಪ್ಲಿಕೇಶನ್ ತಾನೇ ಇಟ್ಟುಕೊಂಡ ವೇಳಾಪಟ್ಟಿ. ರೂಟ್ ಅನುಮತಿಯಿಲ್ಲದೆ ಓಡುವ ತಪಾಸಣೆ ಇತರರ ಪಟ್ಟಿಗಳನ್ನು ಓದಲಾರದು, ಎಷ್ಟೋ ಸಲ ಅದನ್ನು ‘ಕೆಲಸ ಇಲ್ಲ’ ಎಂದು ಬರೆದುಬಿಡುತ್ತದೆ. ಓದಲಾಗಲಿಲ್ಲ ಮತ್ತು ಇಲ್ಲ ಎಂಬುದು ವರದಿಯಲ್ಲಿ ಬೇರೆ ಬೇರೆ ಸಾಲಾಗಿರಲಿ.

ಹೀಗೆ ಕೂಡಿಸಿದ್ದನ್ನು ಹೋಲಿಸಲು ನೀವು ಕೈಯಾರೆ ಬರೆದ ಪಟ್ಟಿ ಒಂದು ಬೇಕು: ಕೆಲಸ ಯಾವುದು, ಯಾರದ್ದು, ಯಾಕೆ, ಎಷ್ಟು ಹೊತ್ತಿಗೊಮ್ಮೆ, ಫಲ ಎಲ್ಲಿ ಬೀಳುತ್ತದೆ. ಅದಿಲ್ಲದಿದ್ದರೆ ಸರ್ವರ್‌ನಲ್ಲಿ ಏನಿದೆ ಎಂಬುದಷ್ಟೇ ತಿಳಿಯುತ್ತದೆ. ಏನು ಕಾಣೆಯಾಗಿದೆ ಎಂದು ಹೇಳುವವರಿಲ್ಲ. ‘-ಆರ್’ ಒತ್ತಿ ಅಳಿಸಿಹೋದ ಪಟ್ಟಿ ಯಾವ ತಪ್ಪು ಸಂದೇಶವನ್ನೂ ಕೊಡುವುದಿಲ್ಲ.

ವರದಿ ಬರುವುದೇ ನಿಂತರೆ ಮೂಲಕ್ಕೆ ಹೋಗಿ: ತಪಾಸಣೆಯೂ ಅದೇ ಸರ್ವರ್‌ನ ಕ್ರಾನ್‌ನಲ್ಲಿದ್ದರೆ ಕ್ರಾನ್ ಜೊತೆಗೇ ಅದೂ ಮಲಗಿರುತ್ತದೆ. ಕಾವಲು ಬೇರೆ ಯಂತ್ರದಲ್ಲಿರಲಿ. ವಿಪರೀತ ಎಚ್ಚರಿಕೆ ಬರುತ್ತಿದ್ದರೆ ಮಿತಿ ಬಿಗಿಯಾಗಿದೆ. ದಿನಕ್ಕೊಮ್ಮೆಯ ಕೆಲಸಕ್ಕೆ ಸರಿಯಾಗಿ 24 ಗಂಟೆ ಇಡದೆ, ಅದು ಮುಗಿಯಲು ಬೇಕಾದ ಹೊತ್ತು ಸೇರಿಸಿ 26 ಗಂಟೆ ಇಡಿ. ದಿನಾ ಬರುವ ಸುಳ್ಳು ಎಚ್ಚರಿಕೆಯನ್ನು ಜನ ಓದುವುದನ್ನೇ ಬಿಡುತ್ತಾರೆ.

ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಕೊನೆಯ ಫಲಿತಾಂಶದ ಅಂಕಣ ನೋಡಿ: 0ಎಕ್ಸ್0 ಗೆದ್ದಿತು, 0ಎಕ್ಸ್41301 ಇನ್ನೂ ಓಡುತ್ತಿದೆ, 0ಎಕ್ಸ್41303 ಇನ್ನೂ ಓಡಿಯೇ ಇಲ್ಲ. ಆಡಿಟ್ ನೀತಿ ಚಾಲೂ ಇದ್ದರೆ ಹೊಸ ಕೆಲಸ ಸೇರಿದಾಗ 4698, ಬದಲಾದಾಗ 4702 ಸಂಖ್ಯೆಯ ಘಟನೆ ಭದ್ರತಾ ಲಾಗ್‌ಗೆ ಬೀಳುತ್ತದೆ.

ಲಕ್ಷಣ: ಯಾರೂ ಹಾಕದ ಸಾಲು ಕಂಡಿದೆ

ಪ್ರತಿ ನಿಮಿಷ ಓಡುವ, ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿ ನೇರ ಶೆಲ್‌ಗೆ ಕೊಡುವ, ಬೇಸ್64 ಎಂಬ ಸಂಕೇತ ರೂಪದಲ್ಲಿ ಸುತ್ತಿಟ್ಟ, /ಟೆಂಪ್ ಒಳಗಿನ ಅಡಗಿದ ಫೋಲ್ಡರ್‌ನಿಂದ ಓಡುವ, ಅಳಿಸಿದರೂ ಮರಳಿ ಬರುವ ಸಾಲು ಕಂಡರೆ ದೋಷ ಹುಡುಕುವ ಕೆಲಸ ಅಲ್ಲಿಗೆ ನಿಲ್ಲಿಸಿ. ದಾಳಿಕೋರರು ಸರ್ವರ್‌ನಲ್ಲಿ ಬೇರೂರಲು ನಿಗದಿತ ಕೆಲಸಗಳನ್ನು ಬಳಸುವುದು ಎಷ್ಟು ಸಾಮಾನ್ಯವೆಂದರೆ ದಾಳಿಯ ವಿಧಾನಗಳನ್ನು ದಾಖಲಿಸುವ ಮೈಟರ್ ಅಟ್ಯಾಕ್ ಪಟ್ಟಿಯಲ್ಲಿ ಇದಕ್ಕೆ ಟಿ1053 ಎಂಬ ಸಂಖ್ಯೆಯೇ ಇದೆ.

ಮೊದಲು ಸಹೋದ್ಯೋಗಿಗಳನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹೊಸ ಪ್ಯಾಕೇಜ್ ತಾನಾಗಿ ಹಾಕಿದ ಸಾಲೂ ಆಗಿರಬಹುದು. ‘ಡಿಪಿಕೆಜಿ -ಎಸ್’ (ಎಸ್ ದೊಡ್ಡಕ್ಷರ) ಅಥವಾ ‘ಆರ್‌ಪಿಎಂ -ಕ್ಯುಎಫ್’ ಆ ಫೈಲ್ ಯಾವ ಪ್ಯಾಕೇಜಿನದೆಂದು ಹೇಳುತ್ತದೆ. ಯಾರದ್ದೂ ಅಲ್ಲ ಎಂದಾದರೆ ಸಾಲನ್ನು ಅಳಿಸಬೇಡಿ, ಸರ್ವರ್ ರೀಬೂಟ್ ಮಾಡಬೇಡಿ. ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಭದ್ರತಾ ತಂಡಕ್ಕೆ ತಿಳಿಸಿ, ಅವರು ಒಪ್ಪಿದರೆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ. ಆ ಸಾಲಿನ ಪ್ರತಿ, ಫೈಲ್‌ನ ಒಡೆಯ ಮತ್ತು ಬದಲಾದ ಸಮಯ, ಲಾಗ್‌ಗಳು, ತಪಾಸಣೆ ಅದನ್ನು ಮೊದಲು ಕಂಡ ಹೊತ್ತು, ಇಷ್ಟನ್ನೂ ಬೇರೆ ಯಂತ್ರಕ್ಕೆ ಕಳಿಸಿ ಅವರ ಕೈಗೆ ಕೊಡಿ. ಆ ಸರ್ವರ್‌ನಲ್ಲಿದ್ದ ಪಾಸ್‌ವರ್ಡ್ ಮತ್ತು ಕೀಲಿಗಳು ಸೋರಿಹೋಗಿವೆ ಎಂದೇ ತಿಳಿದು, ಅವನ್ನು ಶುದ್ಧವಾದ ಇನ್ನೊಂದು ಯಂತ್ರದಿಂದ ಬದಲಿಸಿ.

ಈ ತೊಂದರೆ ಬರದ ಸರ್ವರ್‌ನಲ್ಲೂ ಎರಡು ಪರೀಕ್ಷೆಗಳನ್ನು ತಪಾಸಣೆಗೆ ಇಂದೇ ಸೇರಿಸಬಹುದು. ರೂಟ್ ಓಡಿಸುವ ಸ್ಕ್ರಿಪ್ಟ್‌ಗೆ, ಅದಿರುವ ಫೋಲ್ಡರ್‌ಗೆ ಬೇರೆಯವರು ಬರೆಯಬಹುದೇ ಎಂದು ನೋಡಿ. ಬರೆಯಬಹುದಾದರೆ ಅವರು ರೂಟ್ ಆದಂತೆಯೇ. ಮತ್ತು ಫೈಲ್ ಬದಲಾವಣೆಗಳನ್ನು ದಾಖಲಿಸುವ ಆಡಿಟ್‌ಡಿ ಮೂಲಕ ಕ್ರಾನ್.ಡಿ, ಸ್ಪೂಲ್ ಹಾಗೂ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಫೋಲ್ಡರ್‌ಗಳ ಮೇಲೆ ಬರೆಯುವಿಕೆಯ ಕಾವಲು ಹಾಕಿ, ಆ ಲಾಗ್ ತಕ್ಷಣ ಬೇರೆ ಯಂತ್ರಕ್ಕೆ ಹೋಗುವಂತೆ ಮಾಡಿ.